ಗುದ್ದಲಿ ಪೂಜೆಯ ದಿನ, ಅದರ ಮಾರನೇ ದಿನ
ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಸುದ್ದಿಗಾಗಿ ನಡೆಯುವ ಪೈಪೋಟಿ: ಒಂದು ಸಮೀಕ್ಷೆ

ಕಡೂರಿನ ಮತದಾರ ಲೋಕಸಭೆಗೆ ಹಾಸನದ ಸಂಸದರನ್ನು ಆರಿಸುತ್ತಾನೆ. ಪಕ್ಕದ ತರೀಕೆರೆ, ಅಜ್ಜಂಪುರದವರ ಓಟು ಉಡುಪಿಯ ಕಡಲಂಚಿನವರ ಓಟಿನ ಜೊತೆ ಎಣಿಕೆಯಾಗುತ್ತದೆ. ಮೂರೂ ತಾಲ್ಲೂಕುಗಳ ಜಿಲ್ಲಾ ಕೇಂದ್ರ ಚಿಕ್ಕಮಗಳೂರು. ಅಡಿಕೆ, ಆಸ್ಪತ್ರೆ, ಬಟ್ಟೆಬರೆಗೆಂದು ತರೀಕೆರೆಯವರು ಹೋಗುವುದು ಶಿವಮೊಗ್ಗಕ್ಕೆ. 2008ರ ಕ್ಷೇತ್ರ ಮರುವಿಂಗಡಣೆ ಬೀರೂರು ವಿಧಾನಸಭಾ ಕ್ಷೇತ್ರವನ್ನೇ ಅಳಿಸಿಹಾಕಿತು. ತರೀಕೆರೆಯ ಹೋಬಳಿಯಾಗಿದ್ದ ಅಜ್ಜಂಪುರ ಆಮೇಲೆ ತಾಲ್ಲೂಕಾಯಿತು, ಆದರೆ ಅದಕ್ಕೆ ಸ್ವಂತ ಶಾಸಕರಿಲ್ಲ. ಹೀಗೆ ನಾಲ್ಕು ದಿಕ್ಕಿಗೆ ಹಂಚಿಹೋದ ಸೀಮೆಯಲ್ಲಿ ರಾಜಕೀಯ ಪಕ್ಷಗಳು, ಬಣಗಳು, ಸಂಘಟನೆಗಳು ಜನರ ಕಣ್ಣಿಗೆ, ಪತ್ರಿಕೆಯ ಕಾಲಮ್ಮಿಗೆ, ಟಿವಿಯ ಕ್ಯಾಮೆರಾಕ್ಕೆ ಬೀಳಲು ಏನೇನು ಮಾಡುತ್ತವೆ, ಅದರಿಂದ ಯಾರಿಗೆ ಏನು ದಕ್ಕುತ್ತದೆ ಎಂಬುದು ಈ ಲೇಖನದ ವಿಷಯ.

ಮೊದಲ ಪೈಪೋಟಿ ಪಕ್ಷಗಳ ನಡುವಿನದಲ್ಲ, ಬೆಟ್ಟಕ್ಕೂ ಬಯಲಿಗೂ ನಡುವಿನದು. ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ರಾಜ್ಯದ ಸುದ್ದಿಮನೆಗಳಿಗೆ ಕಾಣುವುದು ಕಾಫಿ, ಕಾಡಾನೆ, ಮುಳ್ಳಯ್ಯನಗಿರಿಯ ವಾಹನ ದಟ್ಟಣೆ ಮತ್ತು ದತ್ತಪೀಠ. ಆ ಪೀಠವಿರುವ ಬಾಬಾಬುಡನ್‌ಗಿರಿಯ ವಿವಾದ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಪ್ರತಿ ಡಿಸೆಂಬರಿನಲ್ಲಿ ಜಿಲ್ಲೆಯ ಸುದ್ದಿಯನ್ನೆಲ್ಲ ತನ್ನತ್ತ ಎಳೆದುಕೊಂಡಿದೆ. ಒಂದು ಕಡೆ ಸಂಘ ಪರಿವಾರದ ದತ್ತಮಾಲೆ, ದತ್ತ ಜಯಂತಿ. ಇನ್ನೊಂದು ಕಡೆ ಕೋಮು ಸೌಹಾರ್ದ ವೇದಿಕೆಯ ಪ್ರತಿರೋಧ. 2003ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದವರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರೂ ಇದ್ದರು. ಎರಡೂ ಬಣಗಳಿಗೆ ಆ ಬೆಟ್ಟ ರಾಜ್ಯಮಟ್ಟದ ವೇದಿಕೆ. ಅದೇ ಡಿಸೆಂಬರಿನಲ್ಲಿ ಬಯಲಿನ ರೈತ ರಾಗಿ ಒಕ್ಕಣೆಯ ಚಿಂತೆಯಲ್ಲಿರುತ್ತಾನೆ. ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ನೋಂದಣಿಗೆ ಎಷ್ಟು ದಿನ ಅವಕಾಶ ಎಂಬ ಅವನ ಪ್ರಶ್ನೆಗೆ ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ಪ್ಯಾರಾ ಸಿಕ್ಕರೆ ದೊಡ್ಡದು.

ಈ ಸೀಮೆಗೆ ಜಗತ್ತಿನ ಕಣ್ಣು ಬಿದ್ದದ್ದು ಒಮ್ಮೆ ಮಾತ್ರ. 1978ರ ನವೆಂಬರ್ 5ರ ಉಪಚುನಾವಣೆ ಅದು. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಕಡೂರು, ಬೀರೂರು, ತರೀಕೆರೆಗಳೂ ಆಗ ಆ ಕ್ಷೇತ್ರಕ್ಕೇ ಸೇರಿದ್ದವು. ಜನತಾ ಪಕ್ಷ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು, ಜಾರ್ಜ್ ಫರ್ನಾಂಡಿಸ್ ಬಂದು ಪ್ರಚಾರದ ಚುಕ್ಕಾಣಿ ಹಿಡಿದರು. ದೆಹಲಿಯ, ವಿದೇಶದ ಪತ್ರಕರ್ತರು ನಮ್ಮ ಊರುಗಳ ಹೆಸರನ್ನು ಬರೆದುಕೊಳ್ಳುವಾಗ ಕಾಗುಣಿತ ಕೇಳುತ್ತಿದ್ದ ಕಾಲ. ಹೆಣ್ಣು ಸಿಂಹ ಮತ್ತು ನೂರು ಕೋತಿಗಳ ಹಿಂದಿ ಘೋಷಣೆಯಲ್ಲಿ ಚಿಕ್ಕಮಗಳೂರಿನ ಹೆಸರು ಪ್ರಾಸಕ್ಕೆ ಚೆನ್ನಾಗಿ ಒದಗಿತು. ಇಂದಿರಾ 77,333 ಮತಗಳ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲೇ ಲೋಕಸಭೆ ಅವರನ್ನು ಉಚ್ಚಾಟಿಸಿತು. 1980ರಲ್ಲಿ ಅವರು ರಾಯಬರೇಲಿ ಮತ್ತು ಮೆದಕ್‌ನಿಂದ ಸ್ಪರ್ಧಿಸಿದರು. ಚಿಕ್ಕಮಗಳೂರನ್ನು ಮತ್ತೆ ಕೇಳಲಿಲ್ಲ. ಅಂದು ಎರಡೂ ಪಕ್ಷಗಳು ಜಗಳವಾಡಿದ್ದು ದೇಶದ ಪ್ರಶ್ನೆಗಳಿಗಾಗಿ. ಊರಿನ ಕೆರೆ, ರಸ್ತೆ, ಕುಡಿಯುವ ನೀರು ಆ ಸುದ್ದಿಯೊಳಗೆ ಜಾಗ ಪಡೆಯಲಿಲ್ಲ.

ಇನ್ನು ದಿನನಿತ್ಯದ ಕಥೆಗೆ ಬರೋಣ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಹುಟ್ಟುವ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು: ಪ್ರವಾಸಿ ಮಂದಿರ, ತಾಲ್ಲೂಕು ಕಚೇರಿಯ ಮೆಟ್ಟಿಲು, ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣದ ಎದುರಿನ ವೃತ್ತ, ಪಕ್ಷದ ಕಚೇರಿ. ಬೆಳಿಗ್ಗೆ ಹನ್ನೊಂದಕ್ಕೆ ಸುದ್ದಿಗೋಷ್ಠಿ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಿಂದಿನ ರಾತ್ರಿಯೇ ಸಂದೇಶ ಬರುತ್ತದೆ. ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಮುಖಂಡರು ಮಾತಾಡುವ ಮೊದಲೇ ಹೇಳಿಕೆಯ ಪ್ರತಿ ಕೈಗೆ ಬಂದಿರುತ್ತದೆ, ಕೊನೆಯ ಸಾಲಿನಲ್ಲಿ ‘ಗೋಷ್ಠಿಯಲ್ಲಿ ಉಪಸ್ಥಿತರಿದ್ದರು’ ಎಂಬ ಹತ್ತು ಹದಿನೈದು ಹೆಸರುಗಳ ಪಟ್ಟಿಯೂ. ಸುದ್ದಿಗಿಂತ ಆ ಪಟ್ಟಿಗೇ ಹೆಚ್ಚು ಬೆಲೆ. ಮಾರನೇ ದಿನ ಫೋನ್ ಬರುವುದು ವಿಷಯ ತಪ್ಪಾಯಿತು ಎಂದಲ್ಲ, “ನನ್ನ ಹೆಸರು ಬಿಟ್ಟುಬಿಟ್ಟಿದ್ದೀರಲ್ಲ ಸಾರ್” ಎಂದು.

ಗುದ್ದಲಿ ಪೂಜೆಯ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದೇ ಹಾರೆ, ಅದರ ಮೇಲೆ ಎಂಟು ಕೈ. ಶಾಸಕರ ಬಲಗಡೆ ನಿಲ್ಲುವವರು ಯಾರು ಎಂಬುದು ಬೆಳಿಗ್ಗೆಯಿಂದ ತೀರ್ಮಾನವಾಗದ ವಿಚಾರ. ಗುತ್ತಿಗೆದಾರ ಹಿಂದಿನ ಸಾಲಿನಲ್ಲಿ ತಲೆ ಮಾತ್ರ ತೋರಿಸುತ್ತಾನೆ. ತೆಂಗಿನಕಾಯಿ ಒಡೆಯುವವರು ಒಬ್ಬರು, ಮಣ್ಣಿಗೆ ಮೊದಲ ಏಟು ಹಾಕುವವರು ಇನ್ನೊಬ್ಬರು, ಏಕೆಂದರೆ ಎರಡು ಚಿತ್ರ ಬೇಕು. ಪಕ್ಕದಲ್ಲಿ ಶಿಲಾಫಲಕ. ಅದರಲ್ಲಿ ಸಂಸದರ ಹೆಸರು ಎಷ್ಟನೇ ಸಾಲಿನಲ್ಲಿರಬೇಕು, ಆಹ್ವಾನ ಪತ್ರಿಕೆಯಲ್ಲಿ ಪುರಸಭೆ ಸದಸ್ಯರ ಹೆಸರು ಬಿಟ್ಟದ್ದು ಶಿಷ್ಟಾಚಾರ ಉಲ್ಲಂಘನೆಯೋ ಅಲ್ಲವೋ ಎಂಬ ಜಗಳಕ್ಕೆ ಸಾಮಾನ್ಯ ಸಭೆಯ ಅರ್ಧ ದಿನ ಹೋದದ್ದುಂಟು. ಆ ಜಗಳವೂ ಸುದ್ದಿಯೇ. ರಸ್ತೆ ಆಮೇಲೆ ಏನಾಯಿತು ಎನ್ನುವುದಕ್ಕೆ ಸುದ್ದಿಗೋಷ್ಠಿ ಕರೆಯುವವರಿಲ್ಲ.

ಇದಕ್ಕೆ ವರದಿಗಾರರನ್ನು ಬೈದರೆ ಅನ್ಯಾಯ. ತಾಲ್ಲೂಕು ವರದಿಗಾರರಲ್ಲಿ ಬಹುಪಾಲು ಅರೆಕಾಲಿಕರು. ಜೀವನಕ್ಕೆ ಬೇರೆ ಕಸುಬು ಇರಬೇಕು, ಮೇಲಿನಿಂದ ಜಾಹೀರಾತಿನ ಗುರಿಯೂ ಇರುತ್ತದೆ. ಆ ಜಾಹೀರಾತು ಕೊಡಬಲ್ಲವರು ಯಾರು? ಹುಟ್ಟುಹಬ್ಬದ ಶುಭಾಶಯ ಹಾಕಿಸುವ ಮುಖಂಡರ ಅಭಿಮಾನಿಗಳು, ಸಂಘದ ಹೊಸ ಅಧ್ಯಕ್ಷರು, ಟಿಕೆಟ್ ಆಕಾಂಕ್ಷಿಗಳು. ಯಾರ ಮೇಲೆ ಬರೆಯಬೇಕೋ ಅವರ ಬಳಿಯೇ ಪುರವಣಿಯ ಜಾಹೀರಾತಿಗೆ ಹೋಗಿ ಕೂರಬೇಕಾದ ಸ್ಥಿತಿ. ಕಾಸಿಗಾಗಿ ಸುದ್ದಿಯ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲೇ ವರದಿ ಕೊಟ್ಟಿದೆ. ಚುನಾವಣೆ ಹೊತ್ತಿನಲ್ಲಿ ಜಿಲ್ಲೆಗೊಂದು ಮಾಧ್ಯಮ ದೃಢೀಕರಣ ಮತ್ತು ಉಸ್ತುವಾರಿ ಸಮಿತಿ ಇರುತ್ತದೆ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರಿಲ್ಲದಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಡಿ ಅಪರಾಧ. ಕಾನೂನಿಗೆ ಕೊರತೆಯಿಲ್ಲ. ಆದರೆ ಕಾನೂನು ಎಚ್ಚರಾಗಿರುವುದು ನೀತಿಸಂಹಿತೆ ಜಾರಿಯಲ್ಲಿರುವಷ್ಟು ದಿನ. ನಾನು ಹೇಳುತ್ತಿರುವ ವ್ಯವಹಾರ ಉಳಿದ ನಾಲ್ಕೂಮುಕ್ಕಾಲು ವರ್ಷದ್ದು. ಫ್ಲೆಕ್ಸಿನ ಹಣೆಬರಹವೂ ಇದೇ. 2016ರ ಮಾರ್ಚಿನ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸೂ ಸೇರಿತ್ತು. ಯಾವ ಪಟ್ಟಣದ ಯಾವ ವೃತ್ತದಲ್ಲಿ ಬೇಕಾದರೂ ನಿಂತು ನೋಡಿ, ಆ ಅಧಿಸೂಚನೆಗೆ ಎಷ್ಟು ಮರ್ಯಾದೆ ಸಿಕ್ಕಿದೆ ಎಂಬುದು ತಲೆ ಎತ್ತಿದರೆ ಕಾಣುತ್ತದೆ.

ಪಕ್ಷಗಳ ನಡುವಿನ ಪೈಪೋಟಿಗಿಂತ ಪಕ್ಷದೊಳಗಿನ ಬಣಗಳ ಪೈಪೋಟಿ ಇಲ್ಲಿ ಹೆಚ್ಚು ಹರಿತ. ತರೀಕೆರೆಯ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಗೊತ್ತಾಗುತ್ತದೆ. 2008ರಲ್ಲಿ ಬಿಜೆಪಿಯ ಡಿ.ಎಸ್. ಸುರೇಶ್, 2013ರಲ್ಲಿ ಕಾಂಗ್ರೆಸ್ಸಿನ ಜಿ.ಎಚ್. ಶ್ರೀನಿವಾಸ್, 2018ರಲ್ಲಿ ಮತ್ತೆ ಸುರೇಶ್, 2023ರಲ್ಲಿ ಮತ್ತೆ ಶ್ರೀನಿವಾಸ್. ಮೇಲ್ನೋಟಕ್ಕೆ ಇಬ್ಬರ ಆಟ. ಒಳಗೆ ಇಳಿದರೆ, 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದಾಗಿ ಬಿಜೆಪಿ ಒಡೆದಿತ್ತು. 2018ರಲ್ಲಿ ಹಾಲಿ ಶಾಸಕರಾಗಿದ್ದ ಶ್ರೀನಿವಾಸ್ ಅವರಿಗೇ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಅವರು ಪಕ್ಷೇತರರಾಗಿ ನಿಂತು ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಬಂದರು. ಇಂಥ ಕ್ಷೇತ್ರದಲ್ಲಿ ಚುನಾವಣೆಗೆ ಎರಡು ವರ್ಷ ಇರುವಾಗಲೇ ಆಕಾಂಕ್ಷಿಗಳ ಓಟ ಶುರುವಾಗುತ್ತದೆ. ಕ್ರಿಕೆಟ್ ಪಂದ್ಯಾವಳಿ, ನೋಟ್‌ಪುಸ್ತಕ ಹಂಚಿಕೆ, ಆರೋಗ್ಯ ಶಿಬಿರ, ಗಣಪತಿ ಪೆಂಡಾಲಿಗೆ ದೇಣಿಗೆ, ಸಾವಿನ ಮನೆಗೆ ಭೇಟಿ. ಇವೆಲ್ಲ ಮತದಾರನಿಗೆಂದು ಕಂಡರೂ ಅರ್ಧ ಉದ್ದೇಶ ಬೆಂಗಳೂರಿನ ನಾಯಕರಿಗೆ ಕತ್ತರಿಸಿ ಕಳಿಸುವ ಪತ್ರಿಕಾ ತುಣುಕು. ‘ಕ್ಷೇತ್ರದಲ್ಲಿ ನಮ್ಮ ಹೆಸರು ಓಡುತ್ತಿದೆ’ ಎನ್ನುವುದಕ್ಕೆ ಅದೇ ಸಾಕ್ಷಿ.

ಸಂಸದರ ಮಟ್ಟದಲ್ಲೂ ಇದೇ. ಉಡುಪಿ-ಚಿಕ್ಕಮಗಳೂರು ಕ್ಷೇತ್ರ ಹುಟ್ಟಿದ 2009ರಿಂದ ಗೆದ್ದ ಡಿ.ವಿ. ಸದಾನಂದಗೌಡ, ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ, ಕೋಟ ಶ್ರೀನಿವಾಸ ಪೂಜಾರಿ ನಾಲ್ವರೂ ಘಟ್ಟದ ಕೆಳಗಿನವರು. 2024ರ ಚುನಾವಣೆಗೆ ಮುನ್ನ ‘ಗೋ ಬ್ಯಾಕ್ ಶೋಭಾ’ ಅಭಿಯಾನ ನಡೆಸಿದ್ದು ವಿರೋಧ ಪಕ್ಷವಲ್ಲ, ಅವರದೇ ಪಕ್ಷದ ಕಾರ್ಯಕರ್ತರು. ಸಾಮಾಜಿಕ ಜಾಲತಾಣದಲ್ಲಿ ಶುರುವಾಗಿ ರಾಜ್ಯದ ಟಿವಿಗೆ ಹತ್ತಿದ ಆ ಗದ್ದಲದ ಬಳಿಕ ಅವರು ಬೆಂಗಳೂರು ಉತ್ತರಕ್ಕೆ ಹೋದರು. ಗಮನ ಸೆಳೆದು ಬೇಕಾದ್ದನ್ನು ಸಾಧಿಸಿಕೊಂಡ ಅಪರೂಪದ ಉದಾಹರಣೆ ಇದು.

ಹಾಗಿದ್ದರೆ ಮಾಧ್ಯಮದಲ್ಲಿ ಹೆಚ್ಚು ಕಂಡವರು ಗೆಲ್ಲುತ್ತಾರೆಯೇ? ಕಡೂರಿನ ವೈ.ಎಸ್.ವಿ. ದತ್ತ ಅವರ ಕಥೆ ಇಲ್ಲಿ ಬಹಳ ಕಲಿಸುತ್ತದೆ. ಯಗಟಿಯ ದತ್ತ ಬೆಂಗಳೂರಿನಲ್ಲಿ ಪಾಠ ಹೇಳಿ ಹೆಸರಾದವರು, ದೇವೇಗೌಡರ ನೆರಳಿನಂತೆ ಇದ್ದವರು. ವಿಧಾನ ಪರಿಷತ್ತಿನಲ್ಲಿ, 2013ರಿಂದ ವಿಧಾನಸಭೆಯಲ್ಲಿ ಅವರ ಮಾತಿಗೆ ಪತ್ರಿಕೆಗಳು ಸದಾ ಜಾಗ ಕೊಟ್ಟವು. 2018ರಲ್ಲಿ ಬಿಜೆಪಿಯ ಬೆಳ್ಳಿ ಪ್ರಕಾಶ್ ಎದುರು ಸೋತರು. 2020ರ ಲಾಕ್‌ಡೌನ್‌ನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಫೇಸ್‌ಬುಕ್ ನೇರಪ್ರಸಾರದಲ್ಲಿ ಗಣಿತ ಹೇಳಿಕೊಟ್ಟಾಗ ಪಕ್ಷ ಮರೆತು ಜನ ಮೆಚ್ಚಿದರು. ರಾಜಕಾರಣಿಯೊಬ್ಬರು ಗಮನ ಸೆಳೆಯಲು ಆರಿಸಿಕೊಂಡ ದಾರಿಗಳಲ್ಲಿ ಇಷ್ಟು ಉಪಯುಕ್ತವಾದದ್ದನ್ನು ನಾನು ಬೇರೆ ಕಂಡಿಲ್ಲ. 2023ರ ಜನವರಿಯಲ್ಲಿ ಅವರು ಕಾಂಗ್ರೆಸ್ ಸೇರಿದರು, ಟಿಕೆಟ್ ಕೆ.ಎಸ್. ಆನಂದ್ ಪಾಲಾಯಿತು, ದತ್ತ ಜೆಡಿಎಸ್‌ಗೆ ಮರಳಿ ಕಣಕ್ಕಿಳಿದರು. ಆ ತಿಂಗಳುಗಳಲ್ಲಿ ಕಡೂರಿನ ಸುದ್ದಿ ಎಂದರೆ ದತ್ತ ಅವರ ಸುದ್ದಿ. ಮೇ 13ರ ಎಣಿಕೆಯಲ್ಲಿ ಆನಂದ್ ಗೆದ್ದರು, ಬೆಳ್ಳಿ ಪ್ರಕಾಶ್ ಎರಡನೆಯವರಾದರು, ದತ್ತ ಮೂರನೆಯವರು.

ಇದನ್ನು ಜಾತಿ ಲೆಕ್ಕದಲ್ಲಿ ವಿವರಿಸುವವರಿದ್ದಾರೆ, ಪಕ್ಷಾಂತರದ ಮುಜುಗರ ಎನ್ನುವವರಿದ್ದಾರೆ. ಎರಡರಲ್ಲೂ ಸತ್ಯ ಇರಬಹುದು. ನನಗೆ ಕಾಣುವುದು ಬೇರೆ. ಆ ಚುನಾವಣೆಯಲ್ಲಿ ಗಮನದ ದೊಡ್ಡ ಯುದ್ಧ ಕಡೂರಿನಲ್ಲಿ ನಡೆದಿರಲೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳಿಗೆ ‘ಪೇಸಿಎಂ’ ಪೋಸ್ಟರ್ ಅಂಟಿಸಿತು. ಪೇಟಿಎಂ ಮಾದರಿಯ ಕ್ಯೂಆರ್ ಕೋಡ್, ನಡುವೆ ಆಗಿನ ಮುಖ್ಯಮಂತ್ರಿಯ ಮುಖ. ಆಗಿನ ಸರ್ಕಾರದ ಮೇಲಿದ್ದ ನಲವತ್ತು ಪರ್ಸೆಂಟ್ ಕಮಿಷನ್ ಆರೋಪಕ್ಕೆ ಅದು ಎಂಥವರಿಗೂ ತಿಳಿಯುವ ಚಿತ್ರ ಕೊಟ್ಟಿತು. ಜೆಡಿಎಸ್‌ನ ಪಂಚರತ್ನ ಯಾತ್ರೆ, ಕಾಂಗ್ರೆಸ್ಸಿನ ಪ್ರಜಾಧ್ವನಿ ಬಸ್ಸು, ಬಿಜೆಪಿಯ ವಿಜಯ ಸಂಕಲ್ಪ ಯಾತ್ರೆ ಒಂದರ ಹಿಂದೆ ಒಂದು ಹೊರಟವು. ಆದರೆ ಮನೆಯೊಳಗೆ ಹೋಗಿ ಕುಳಿತದ್ದು ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು. ತಿಂಗಳಿಗೆ ಎರಡು ಸಾವಿರ ರೂಪಾಯಿ, ಇನ್ನೂರು ಯೂನಿಟ್ ವಿದ್ಯುತ್ ಎಂದು ಬರೆದ, ನಾಯಕರ ಸಹಿ ಇದ್ದ ಕಾಗದವನ್ನು ಹೆಂಗಸರು ರೇಷನ್ ಕಾರ್ಡಿನ ಜೊತೆ ಎತ್ತಿಟ್ಟರು. ಟಿವಿ ಚರ್ಚೆಗಳು ಅದನ್ನು ಬಿಟ್ಟಿ ಭಾಗ್ಯ ಎಂದು ತಮಾಷೆ ಮಾಡುತ್ತಿದ್ದಾಗ ಅದು ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಮಾಧ್ಯಮದ ಗಮನ, ಜನರ ಗಮನ ಎರಡೂ ಒಂದೇ ಕಡೆ ಇರಬೇಕೆಂದಿಲ್ಲ.

ಈ ಮಾತನ್ನು ವಿದ್ವಾಂಸರು ಬಹಳ ಹಿಂದೆಯೇ ತೂಗಿ ನೋಡಿದ್ದಾರೆ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ 1968ರ ಚುನಾವಣೆಯನ್ನು ಅಭ್ಯಸಿಸಿದ ಮ್ಯಾಕ್‌ಕೂಂಬ್ಸ್ ಮತ್ತು ಶಾ, ಪತ್ರಿಕೆಗಳು ಯಾವ ವಿಷಯಕ್ಕೆ ಒತ್ತು ಕೊಡುತ್ತವೋ ಅದನ್ನೇ ಮತದಾರರೂ ಮುಖ್ಯವೆಂದು ಎಣಿಸುತ್ತಾರೆ ಎಂದು 1972ರಲ್ಲಿ ಬರೆದರು. ಒಂದೆರಡು ಪತ್ರಿಕೆ, ಟಿವಿಗಳೇ ಊರಿಗೆಲ್ಲ ಸುದ್ದಿ ಹೇಳುತ್ತಿದ್ದ ಕಾಲದ ಮಾತು ಅದು. ಭದ್ರಾವತಿ ಆಕಾಶವಾಣಿಯ ಪ್ರದೇಶ ಸಮಾಚಾರಕ್ಕೆ ಕಾದು ಕೂರುತ್ತಿದ್ದ ದಿನಗಳಲ್ಲಿ ನಮ್ಮಲ್ಲೂ ಅದು ನಿಜವಿದ್ದಿರಬಹುದು. ಈಗ ಅಂಗೈಯ ಫೋನಿನಲ್ಲಿ ಪ್ರತಿ ಓಣಿಗೊಂದು, ಪ್ರತಿ ಸಮುದಾಯಕ್ಕೊಂದು ಗುಂಪು. ಒಂದರಲ್ಲಿ ಹರಿದಾಡುವುದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಯೂಟ್ಯೂಬ್ ಚಾನೆಲ್‌ನ ಲಾಂಛನವಿರುವ ಮೈಕು ಹಿಡಿದವರ ಸಂಖ್ಯೆ ಸುದ್ದಿಗೋಷ್ಠಿಗಳಲ್ಲಿ ಪತ್ರಿಕೆಯವರನ್ನು ಮೀರುತ್ತಿದೆ. ಇವರಲ್ಲಿ ಗಟ್ಟಿಗರೂ ಇದ್ದಾರೆ, ಮುಖಂಡರ ಸಂಬಳದವರೂ ಇದ್ದಾರೆ. ನೋಡುವವನಿಗೆ ವ್ಯತ್ಯಾಸ ತಿಳಿಯುವ ದಾರಿ ಕಡಿಮೆ.

ಇದರ ಅತಿ ಕೆಟ್ಟ ಮುಖ ಕಂಡದ್ದು 2024ರ ಏಪ್ರಿಲ್‌ನಲ್ಲಿ. ಹಾಸನ ಕ್ಷೇತ್ರದ ಮತದಾನ 26ಕ್ಕೆ ನಿಗದಿಯಾಗಿತ್ತು. ಅದರ ಮುನ್ನಾದಿನಗಳಲ್ಲಿ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಅಪರಾಧ ಬಯಲಿಗೆ ಬರಬೇಕಿತ್ತು, ನಿಜ. ಮುಂದೆ ನ್ಯಾಯಾಲಯ ಅವರಿಗೆ ಶಿಕ್ಷೆಯನ್ನೂ ವಿಧಿಸಿತು. ಆದರೆ ದೃಶ್ಯಗಳನ್ನು ಹಂಚಿದವರು ಸಂತ್ರಸ್ತೆಯರ ಮುಖ ಮರೆಮಾಡುವಷ್ಟು ಮನುಷ್ಯತ್ವವನ್ನೂ ತೋರಲಿಲ್ಲ. ನೊಂದ ಹೆಂಗಸರ ಬದುಕನ್ನು ಚುನಾವಣಾ ಕರಪತ್ರದಂತೆ ಬಳಸಿದ ಆ ಕೈಗಳನ್ನು ಕ್ಷಮಿಸಲಾಗದು. ಕಡೂರಿನ ಮತದಾರರೂ ಆ ಕ್ಷೇತ್ರದವರೇ.

ಇಷ್ಟೆಲ್ಲ ಗದ್ದಲದ ನಡುವೆ ಮೂರು ತಾಲ್ಲೂಕುಗಳ ಮೂಲ ವಿಷಯ ಒಂದೇ, ನೀರು. ಅದರ ಸುತ್ತಲೂ ಪೈಪೋಟಿ ಬೇರೆ ರೂಪ ತಾಳುತ್ತದೆ. ಯಾರೂ ನೀರಿನ ವಿರೋಧಿಗಳಲ್ಲ, ಹಾಗಾಗಿ ವಾದವೆಲ್ಲ ‘ತಂದವರು ಯಾರು’ ಎಂಬುದರ ಮೇಲೆ. ಎಮ್ಮೆದೊಡ್ಡಿಯ ಮದಗದ ಕೆರೆ ಕೋಡಿ ಬಿದ್ದರೆ ಬಾಗಿನ ಅರ್ಪಿಸಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕುಪ್ಪಸದ ಕಣ, ಕಾಯಿ. ಮಳೆ ಸುರಿಸಿದ್ದು ಆಕಾಶವಾದರೂ ಕ್ಯಾಮೆರಾ ಮುಂದೆ ಮೊರ ಹಿಡಿಯುವ ಕೈ ಯಾರದೆಂಬುದು ಮುಖ್ಯ. ಹಾಲಿಗಳು ಒಂದು ದಿನ ಬಂದರೆ ಮಾಜಿಗಳು ಇನ್ನೊಂದು ದಿನ. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿ ನೀರಿನ ಮಟ್ಟ 186 ಅಡಿ ಮುಟ್ಟಿದರೆ ಸಚಿವರ ಸಾಲೇ ಬರುತ್ತದೆ. ಬೀರೂರಿನ ಮೈಲಾರಲಿಂಗೇಶ್ವರನ ಕಾರ್ಣಿಕವನ್ನೂ ಬಿಟ್ಟಿಲ್ಲ: ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲು ಮಳೆ-ಬೆಳೆಯ ಸೂಚನೆಯೆಂದು ರೈತ ಕೇಳಿಸಿಕೊಂಡರೆ, ಟಿವಿಯಲ್ಲಿ ಅದು ಸರ್ಕಾರ ಬೀಳುವ ಅಥವಾ ಉಳಿಯುವ ಭವಿಷ್ಯವಾಗುತ್ತದೆ. ಪ್ರತಿ ಪಕ್ಷಕ್ಕೂ ಅದರಲ್ಲಿ ತನಗೆ ಬೇಕಾದ ಅರ್ಥ ಸಿಗುತ್ತದೆ.

ಭದ್ರಾ ಮೇಲ್ದಂಡೆ ಯೋಜನೆ ಈ ರೋಗದ ಪೂರ್ತಿ ಲಕ್ಷಣ ತೋರಿಸುತ್ತದೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ತರೀಕೆರೆ ಸೀಮೆಯಲ್ಲಿ ಮೇಲಕ್ಕೆತ್ತಿ, ಅಜ್ಜಂಪುರದ ಬಳಿಯ ಸುಮಾರು ಏಳು ಕಿಲೋಮೀಟರ್ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಕಡೆಗೆ ನೀರು ಒಯ್ಯುವ ಯೋಜನೆ. ಗುರಿ 2.25 ಲಕ್ಷ ಹೆಕ್ಟೇರ್. ಅಂದಾಜು ವೆಚ್ಚ ಪರಿಷ್ಕರಣೆಯಾಗುತ್ತ 2020ರ ಹೊತ್ತಿಗೆ 21,473 ಕೋಟಿ ರೂಪಾಯಿಗೆ ಬಂತು. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ನೆರವು ಘೋಷಣೆಯಾದಾಗ ರಾಜ್ಯದಲ್ಲಿ ಚುನಾವಣೆಗೆ ಮೂರು ತಿಂಗಳು ಬಾಕಿ. ಪಟಾಕಿ, ಸಿಹಿ, ಅಭಿನಂದನೆಯ ಫ್ಲೆಕ್ಸು. ಆಮೇಲೆ ಅದೇ 5,300 ಕೋಟಿ ಕಾಂಗ್ರೆಸ್ಸಿಗೆ ‘ಕೇಂದ್ರ ಕೊಡದ ಹಣ’ವಾಯಿತು, ಬಿಜೆಪಿಗೆ ‘ರಾಜ್ಯ ದಾಖಲೆ ಕೊಡದೆ ಕಳೆದುಕೊಳ್ಳುತ್ತಿರುವ ಹಣ’ವಾಯಿತು. ಇಬ್ಬರಿಗೂ ಅದು ಸುದ್ದಿಗೋಷ್ಠಿಯ ಸರಕು.

ಆದರೆ ಯೋಜನೆ ವರ್ಷಗಟ್ಟಲೆ ಸಿಕ್ಕಿಕೊಂಡ ಜಾಗಗಳಲ್ಲಿ ಒಂದು ಅಜ್ಜಂಪುರ ಸೀಮೆಯ ಅಬ್ಬಿನಹೊಳಲು. ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಕಾಲುವೆಗೆ ಜಮೀನು ಕೊಡಬೇಕಾದ ರೈತರು ಪರಿಹಾರ ಸಾಲದೆಂದು ಪಟ್ಟು ಹಿಡಿದರು. ಚಿತ್ರದುರ್ಗದಲ್ಲಿ ಕುಳಿತು ಓದುವವರಿಗೆ ಅಬ್ಬಿನಹೊಳಲು ಎಂದರೆ ಅಡ್ಡಿ. ನೀರಿಗಾಗಿ ದಶಕಗಳಿಂದ ಧರಣಿ ಕೂತ ಅವರ ಸಿಟ್ಟಿಗೂ ಅರ್ಥವಿದೆ. ಊರಿನೊಳಗೆ ನಿಂತು ನೋಡುವವರಿಗೆ ಅದು ಅಡಿಕೆ, ತೆಂಗಿನ ತೋಟದ ಬೆಲೆಯ ಪ್ರಶ್ನೆ, ಜೊತೆಗೆ ‘ನಮ್ಮ ಹೊಲದ ಮೇಲೆ ಹಾದುಹೋಗುವ ನೀರಿನಲ್ಲಿ ನಮ್ಮ ಕೆರೆಗೆಷ್ಟು’ ಎಂಬ ಪ್ರಶ್ನೆ. ಎರಡು ಜಿಲ್ಲೆಯ ಎರಡು ಪುಟಗಳು ಒಂದನ್ನೊಂದು ಓದಲಿಲ್ಲ. ಎರಡೂ ಕಡೆಯ ಮುಖಂಡರನ್ನು ಒಂದೇ ಹಜಾರದಲ್ಲಿ ಕೂರಿಸುವ ಕೆಲಸಕ್ಕೆ ಯಾವ ಪಕ್ಷಕ್ಕೂ ಚಪ್ಪಾಳೆ ಸಿಗುವಂತಿರಲಿಲ್ಲ, ಹಾಗಾಗಿ ಅದಕ್ಕೆ ಅವಸರವೂ ಇರಲಿಲ್ಲ.

ಸಾರ್ವಜನಿಕ ವಿಷಯಗಳಿಗೆ ಗಮನದ ಒಂದು ಚಕ್ರವಿದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1972ರಲ್ಲಿ ಬರೆದಿದ್ದ. ಮೊದಲು ಆಘಾತ, ಆಮೇಲೆ ಉತ್ಸಾಹ, ಖರ್ಚೆಷ್ಟು ಎಂದು ತಿಳಿದ ಮೇಲೆ ನಿರುತ್ಸಾಹ, ಕೊನೆಗೆ ಮರೆವು. ಮೇಲ್ದಂಡೆಗೆ ಈ ಚಕ್ರ ಹಲವು ಸಲ ಉರುಳಿದೆ: ಬಜೆಟ್ ದಿನ, ಶಂಕುಸ್ಥಾಪನೆಯ ದಿನ, ಸುರಂಗದಲ್ಲಿ ನೀರು ಹರಿದ ದಿನ. 2022ರಲ್ಲಿ 89 ವರ್ಷಗಳ ಬಳಿಕ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಇನ್ನೊಮ್ಮೆ. ನಡುವಿನ ವರ್ಷಗಳಲ್ಲಿ ಎಂಜಿನಿಯರರ ಕಡತ ಮತ್ತು ರೈತರ ತಕರಾರು ಅರ್ಜಿ ಮಾತ್ರ.

ನನ್ನ ದೂರು ರಾಜಕಾರಣಿಗಳು ಪ್ರಚಾರ ಬಯಸುತ್ತಾರೆ ಎಂಬುದಲ್ಲ. ಪ್ರಚಾರ ಬೇಡದವರು ಚುನಾವಣೆಗೆ ನಿಲ್ಲಲಾರರು. ಅಂತರಘಟ್ಟೆಯ ಜಾತ್ರೆಗೆ ಹೋಗಿ ಕೈಮುಗಿಯುವುದು, ಸಾವಿನ ಮನೆಯ ಜಗುಲಿಯಲ್ಲಿ ಅರ್ಧ ಗಂಟೆ ಕೂರುವುದು ಹಳ್ಳಿಯ ರಾಜಕಾರಣದ ಗೌರವದ ಭಾಗವೇ. ಸಮಸ್ಯೆ ಇರುವುದು ನಾವು ಗಮನ ಕೊಡುವ ದಿನಗಳಲ್ಲಿ. ಆರಂಭದ ದಿನ ಎಲ್ಲರ ಕಣ್ಣೂ ಇರುತ್ತದೆ, ಆದ್ದರಿಂದ ಆರಂಭಗಳೇ ಹೆಚ್ಚಾಗಿವೆ. ಒಂದೇ ಕಾಮಗಾರಿಗೆ ಎರಡು ಸರ್ಕಾರಗಳು ಎರಡು ಸಲ ಪೂಜೆ ಮಾಡುತ್ತವೆ. ಮುಗಿದ ಕೆಲಸವನ್ನು, ನಿಂತುಹೋದ ಕೆಲಸವನ್ನು ಕೇಳುವವರಿದ್ದರೆ ಪೈಪೋಟಿ ತಾನಾಗಿ ಆ ಕಡೆಗೆ ತಿರುಗುತ್ತದೆ, ಏಕೆಂದರೆ ಪಕ್ಷಗಳು ಕ್ಯಾಮೆರಾ ಇರುವಲ್ಲಿಗೆ ಹೋಗುತ್ತವೆ.

ಆದ್ದರಿಂದ ಮೂರೂ ತಾಲ್ಲೂಕುಗಳ ವರದಿಗಾರ ಗೆಳೆಯರಲ್ಲಿ, ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗರಲ್ಲಿ ಒಂದು ಕೋರಿಕೆ. ಗುದ್ದಲಿ ಪೂಜೆಯ ಚಿತ್ರ ಹಾಕುವುದನ್ನು ನಿಲ್ಲಿಸಬೇಡಿ, ಹೆಸರುಗಳ ಪಟ್ಟಿಯೂ ಇರಲಿ. ಸರಿಯಾಗಿ ಒಂದು ವರ್ಷದ ಬಳಿಕ ಅದೇ ಜಾಗಕ್ಕೆ ಹೋಗಿ, ಅದೇ ಕೋನದಲ್ಲಿ ಇನ್ನೊಂದು ಚಿತ್ರ ತೆಗೆದು, ಅದೇ ಹೆಸರುಗಳ ಪಟ್ಟಿಯೊಂದಿಗೆ ಪ್ರಕಟಿಸಿ.